ಮೊದಲು ಕಾವು, ಆಮೇಲೆ ಕಾಳು

ವಸಂತ ಬಂತೆಂದರೆ ಇಲ್ಲಿ ಅಮೆರಿಕದ ಎಷ್ಟೋ ತರಗತಿಗಳಲ್ಲಿ ಇನ್‌ಕ್ಯುಬೇಟರ್ ಇಟ್ಟು, 21 ದಿನ ಕೋಳಿಮೊಟ್ಟೆಗೆ ಕಾವು ಕೊಡುತ್ತಾರೆ. ಮರಿ ಹೊರಬಂದಾಗ ಮಕ್ಕಳ ಸಂಭ್ರಮ ನೋಡಬೇಕು! ಆದರೆ ಒಂದು ಮರಿ ಏನೂ ತಿನ್ನದೆ ಸೊರಗಿ ಕೂತರೆ ದೊಡ್ಡವರಿಗೇ ಗಾಬರಿ. ಬಾಯಿ ಬಿಡಿಸಿ ತುರುಕೋಕೆ ಹೊರಡುತ್ತೇವೆ. ಅದು ಬೇಡ ಅನ್ನೋದು ನನ್ನ ಅಭಿಪ್ರಾಯ.

ಮೊಟ್ಟೆಯೊಡೆಯುವ ಮುನ್ನವೇ ಮರಿ ಹಳದಿ ಲೋಳೆಯನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತೆ. ಆ ಬುತ್ತಿ ಸುಮಾರು ಎರಡು ದಿನಕ್ಕೆ ಸಾಕು. ಅದಕ್ಕೇ ಇಲ್ಲಿ ಒಂದು ದಿನದ ಮರಿಗಳನ್ನು ಅಂಚೆಯಲ್ಲೂ ಕಳಿಸುತ್ತಾರೆ! ಮೊದಲು ಬೇಕಾದದ್ದು ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಬಿಸಿ. ಚಳಿ ಹಿಡಿದ ಮರಿಗೆ ತಿನ್ನುವ ಶಕ್ತಿ ಇರೋದಿಲ್ಲ. ಆಮೇಲೆ ನೀರು. ಕೊಕ್ಕಿನ ತುದಿಯನ್ನಷ್ಟೇ ಅದ್ದಿ. ಬಾಯಿಗೆ ಸುರಿದರೆ ಶ್ವಾಸಕೋಶಕ್ಕೆ ಹೋದೀತು. ಕೊನೆಗೆ ಆಹಾರ. ಗುಬ್ಬಿಯ ಹಾಗೆ ಹೇಂಟೆ ಗುಟುಕು ಕೊಡೋದಿಲ್ಲ. ನೆಲ ಕುಕ್ಕಿ ತೋರಿಸಿ ಕರೆಯುತ್ತೆ. ಮಕ್ಕಳೇ, ನೀವೂ ಬೆರಳ ತುದಿಯಿಂದ ಮರಿಗಳ ಫೀಡ್ ಮೇಲೆ ಟಕ್ ಟಕ್ ಅಂತ ಕುಕ್ಕಿ ತೋರಿಸಿ. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯೋದು ಮರೀಬೇಡಿ.

ಇಷ್ಟೆಲ್ಲ ಮಾಡಿದರೂ ಕೆಲವು ಮರಿ ಉಳಿಯೋದಿಲ್ಲ. ಅಪ್ಪ ಅಮ್ಮಂದಿರೇ, ಆಗ "ಫಾರ್ಮ್‌ಗೆ ಕಳಿಸಿದ್ವಿ" ಅಂತ ಸುಳ್ಳು ಹೇಳಬೇಡಿ. ಮರಿಯನ್ನು ನೋಡಿಕೊಂಡ ಮಗುವಿಗೆ ನಿಜ ತಿಳಿಯುವ ಹಕ್ಕಿದೆ. "ಸತ್ತುಹೋಯ್ತು ಪುಟ್ಟಾ, ಇದ್ದಷ್ಟು ಹೊತ್ತು ನೀನು ಅದನ್ನ ಬೆಚ್ಚಗಿಟ್ಟಿದ್ದೆ" ಅನ್ನಿ. ಅತ್ತರೆ ಅಳಲಿ, ಪಕ್ಕದಲ್ಲಿ ಕೂತಿರಿ.