ಹೈಡ್ರೇಂಜಿಯ: ತಪ್ಪು ಹೂವಿನದಲ್ಲ



ಮಲೆನಾಡಿನ ತೋಟದ ಮನೆಗಳ ಅಂಗಳಕ್ಕೆ ಹೈಡ್ರೇಂಜಿಯ ಹೊಸದಲ್ಲ. ಮಾರುವ ಮಾತೆತ್ತಿದರೆ ಮಾತ್ರ, ಪೇಟೆ ಮುಟ್ಟುವ ಮೊದಲೇ ಬಾಡುತ್ತದೆಂದು ಕೈಬಿಡುವವರೇ ಹೆಚ್ಚು. ನಾವು ಮೊದಲ ಸಲ ಬಸ್ಸಿನಲ್ಲಿ ಕಳಿಸಿದ ಹೂವನ್ನು ವ್ಯಾಪಾರಿ ಮುಟ್ಟಲಿಲ್ಲ. ತಪ್ಪು ನಮ್ಮದೇ, ನಡುಹಗಲಿನಲ್ಲಿ ಅರೆಬಿರಿದ ಎಳೆ ಗೊಂಚಲು ಕೊಯ್ದಿದ್ದೆವು.

ಗೊಂಚಲು ಪೂರ್ತಿ ಬಣ್ಣ ತುಂಬಿ, ಎಸಳು ತುಸು ಗಡುಸಾಗಿರಬೇಕು. ಬೆಳಗಿನ ತಂಪಿನಲ್ಲಿ ಕೊಯ್ದು ಕೂಡಲೇ ನೀರಿಗಿಡಬೇಕು. ಎಲೆಗಳನ್ನು ಬಹುಪಾಲು ತೆಗೆದು, ತೊಟ್ಟಿನ ತುದಿಯನ್ನು ಓರೆಯಾಗಿ ಮತ್ತೆ ಕತ್ತರಿಸಿ ಪಟಿಕದ ಪುಡಿಯಲ್ಲಿ ಅದ್ದುವುದು ರೂಢಿ. ಬಾಡಿದ ಗೊಂಚಲನ್ನು ಅರ್ಧ ಗಂಟೆ ತಣ್ಣೀರಿನಲ್ಲಿ ಮುಳುಗಿಸಿದರೆ ಅನೇಕ ವೇಳೆ ಚೇತರಿಸಿಕೊಳ್ಳುತ್ತದೆ. ಇದು ಎಸಳಿನಿಂದಲೂ ನೀರು ಹೀರುವ ಹೂವು.

ನಮ್ಮ ಹುಳಿ ಮಣ್ಣಿನಲ್ಲಿ ನೀಲಿಯಾಗುವ ಹೂವು, ಕಾಫಿಗೆ ಹಾಕಿದ ಸುಣ್ಣ ಬುಡಕ್ಕೆ ಬಿದ್ದರೆ ಗುಲಾಬಿಗೆ ತಿರುಗುತ್ತದೆ. ಎಲೆ ವಿಷಕಾರಿ, ಸವರಿದ್ದನ್ನು ದನಗಳಿಗೆ ಹಾಕಬಾರದು.

ಕಾಫಿ ಕಿತ್ತು ಹೂವು ನೆಡಿರೆಂದು ನಾವು ಹೇಳುತ್ತಿಲ್ಲ. ಇರುವ ಗಿಡಗಳೇ ಸಾಕು. ಒಬ್ಬರ ನಾಲ್ಕು ಗೊಂಚಲಿಗೆ ವ್ಯಾಪಾರಿ ಬಾರದಿರಬಹುದು. ಹತ್ತು ಮನೆಯವರು ಒಂದೇ ದಿನ ಕೊಯ್ದರೆ ಮಾತು ಬೇರೆ. ಅಡಿಕೆ, ಕಾಫಿಗೆ ಒಂದಾದ ನಾವು ಹೂವಿಗೇಕೆ ಒಂದಾಗಬಾರದು?