ಒಂಟಿಯಾಗಿ ಬಂದ ನಾಯಿ

ಅಮೇರಿಕಾದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿ ನಾಲ್ಕಾರು ತಿಂಗಳಿದ್ದು ಬರುವ ತಂದೆತಾಯಿಗಳು ನಮ್ಮ ವಾಚಕರಲ್ಲಿ ಈಗ ಬಹು ಮಂದಿ ಇರುವರು. ಅಲ್ಲಿಯ ಅಂಗಡಿಗಳಲ್ಲಿಯೂ ಉದ್ಯಾನಗಳಲ್ಲಿಯೂ ರೈಲುಬಂಡಿಗಳಲ್ಲಿಯೂ, ಬೆನ್ನಿನ ಮೇಲೆ ಅಂಗಿಯಂತಹ ಬಟ್ಟೆಯೊಂದನ್ನು ಕಟ್ಟಿಸಿಕೊಂಡು, ಅತ್ತಿತ್ತ ನೋಡದೆ ಒಡೆಯನ ಪಕ್ಕದಲ್ಲಿ ಸದ್ದಿಲ್ಲದೆ ನಡೆಯುವ ನಾಯಿಗಳನ್ನು ಅವರು ಕಂಡಿರಬಹುದು. ಇವು ಮುದ್ದಿಗಾಗಿ ಸಾಕಿದವುಗಳಲ್ಲ. ಅಂಗವಿಕಲರಿಗೂ ರೋಗಿಗಳಿಗೂ ನೆರವಾಗಲೆಂದು ತಿಂಗಳುಗಟ್ಟಲೆ ಪಾಠ ಕಲಿತು ಬಂದವುಗಳು. ಸರ್ವಿಸ್ ನಾಯಿಗಳೆಂದು ಅಲ್ಲಿ ಇವುಗಳಿಗೆ ಹೆಸರು. ಅಂತಹ ನಾಯಿಯೊಂದು ಒಡೆಯನಿಲ್ಲದೆ, ಕೊರಳ ಹಗ್ಗವನ್ನು ನೆಲದ ಮೇಲೆ ಎಳೆದುಕೊಂಡು ನಮ್ಮೆದುರಿಗೆ ಬಂದು ನಿಂತರೆ ಏನು ಮಾಡತಕ್ಕದ್ದು? ಅದರ ಹಿಂದೆ ಹೋಗತಕ್ಕದ್ದು. ಈ ತಿಂಗಳು ನಾವು ಹೇಳಹೊರಟಿರುವುದು ಇಷ್ಟೇ.

ಇದು ಸುಲಭವಾದ ಮಾತಾಗಿ ತೋರಬಹುದು. ಆದರೆ ಈ ನಾಯಿಗಳ ವಿಷಯದಲ್ಲಿ ಅಲ್ಲಿಯ ಮಕ್ಕಳಿಗೆ ಹೇಳಿಕೊಡುವ ಪಾಠವು ಇದಕ್ಕೆ ವಿರುದ್ಧವಾದುದು. ಕೆಲಸದಲ್ಲಿರುವ ನಾಯಿಯನ್ನು ಮುಟ್ಟಬಾರದು, ಕರೆಯಬಾರದು, ತಿಂಡಿ ತೋರಿಸಬಾರದು. ಕುರುಡನೊಬ್ಬನನ್ನು ರಸ್ತೆ ದಾಟಿಸುತ್ತಿರುವ ನಾಯಿಯ ಗಮನವು ಮಗುವಿನ ಕೈಯ ಬಿಸ್ಕತ್ತಿನ ಕಡೆಗೆ ಒಂದು ಕ್ಷಣ ಹೊರಳಿದರೆ, ಆ ಕ್ಷಣದಲ್ಲಿಯೇ ಮೋಟಾರು ಬಂದೀತು. ಆದುದರಿಂದ ಬೀದಿಯಲ್ಲಿ ಹೋಗುವ ಅಪರಿಚಿತರನ್ನು ಕಂಬಗಳಂತೆ ಎಣಿಸುವುದನ್ನು ಈ ನಾಯಿಗಳಿಗೆ ಮೊದಲು ಕಲಿಸುತ್ತಾರೆ. ಹೀಗೆ ಕಲಿತ ನಾಯಿಯು ಒಡೆಯನನ್ನು ಬಿಟ್ಟು ಬಂದು, ಕಂಡರಿಯದವರ ಮೊಣಕಾಲಿಗೆ ಮೂತಿಯನ್ನೊತ್ತಿದರೆ, ಅದು ಸುಮ್ಮನೆ ಬಂದುದಲ್ಲವೆಂದು ತಿಳಿಯಬೇಕು.

ನಾಯಿಯು ಮನುಷ್ಯನಿಗಾಗಿ ಸಹಾಯವನ್ನು ಕರೆತರುವ ಕೆಲಸ ಹೊಸದೇನೂ ಅಲ್ಲ. ೧೯೧೪ರಲ್ಲಿ ಆರಂಭವಾದ ಮಹಾಯುದ್ಧದಲ್ಲಿ ಗಾಯಗೊಂಡು ಬಿದ್ದ ಸಿಪಾಯಿಗಳನ್ನು ಹುಡುಕಲು ನಾಯಿಗಳನ್ನು ಕಳುಹಿಸುತ್ತಿದ್ದರು. ಜೀವವಿರುವವನೊಬ್ಬನನ್ನು ಕಂಡರೆ ಅವನ ಟೋಪಿಯನ್ನು ಕಚ್ಚಿಕೊಂಡು ಹಿಂದಿರುಗಿ, ತನ್ನ ಶಿಕ್ಷಕನನ್ನು ಆ ಸ್ಥಳಕ್ಕೆ ಕರೆದೊಯ್ಯುವುದು ಮೊದಲಿನ ಪದ್ಧತಿ. ಟೋಪಿ ಸಿಕ್ಕದಾಗ ಕೆಲವು ನಾಯಿಗಳು ಗಾಯದ ಕಟ್ಟನ್ನೇ ಕಿತ್ತೆಳೆಯತೊಡಗಿದುದರಿಂದ, ಜರ್ಮನರು ನಾಯಿಯ ಕೊರಳಿಗೆ ಒಂದು ತೊಗಲಿನ ತುಂಡನ್ನು ತೂಗಹಾಕಿದರು. ಅದನ್ನು ಬಾಯಲ್ಲಿ ಕಚ್ಚಿಕೊಂಡು ನಾಯಿ ಬಂದರೆ ಗಾಯಾಳು ಸಿಕ್ಕಿದನೆಂದು ಅರ್ಥ. ಈ ನಾಯಿಗಳ ಸಂಘದ ಮುಖಂಡರಾಗಿದ್ದ ಡಾಕ್ಟರ್ ಗೆರ್ಹಾರ್ಡ್ ಸ್ಟಾಲಿಂಗ್ ಎಂಬವರೇ ೧೯೧೬ರಲ್ಲಿ ಓಲ್ಡೆನ್‌ಬರ್ಗ್ ಪಟ್ಟಣದಲ್ಲಿ, ಯುದ್ಧದಲ್ಲಿ ಕಣ್ಣು ಕಳೆದುಕೊಂಡವರಿಗಾಗಿ ದಾರಿ ತೋರುವ ನಾಯಿಗಳ ಶಾಲೆಯನ್ನು ತೆರೆದರು. ಜರ್ಮನಿಯಲ್ಲಿ ನಡೆಯುತ್ತಿದ್ದ ಈ ಕೆಲಸವನ್ನು ಕಂಡು ಡೊರೊಥಿ ಯೂಸ್ಟಿಸ್ ಎಂಬ ಮಹಿಳೆಯು ೧೯೨೭ರಲ್ಲಿ ಪತ್ರಿಕೆಯೊಂದಕ್ಕೆ ಲೇಖನ ಬರೆದಳು. ಅದನ್ನು ಓದಿಸಿ ಕೇಳಿದ ಮೋರಿಸ್ ಫ್ರಾಂಕ್ ಎಂಬ ಅಂಧ ತರುಣನು ಮರುವರ್ಷ ಬಡ್ಡಿ ಎಂಬ ನಾಯಿಯೊಡನೆ ಅಮೇರಿಕಾಕ್ಕೆ ಹಿಂದಿರುಗಿದನು. ೧೯೨೯ರಲ್ಲಿ ಸ್ಥಾಪಿತವಾದ ಅವರ ಸಂಸ್ಥೆ, ದಿ ಸೀಯಿಂಗ್ ಐ, ಇಂದು ನ್ಯೂಜೆರ್ಸಿಯ ಮೋರಿಸ್‌ಟೌನಿನಲ್ಲಿದೆ. ಕನ್ನಡಿಗರ ಸಂಸಾರಗಳು ಬಹಳವಾಗಿರುವ ಆ ಸಂಸ್ಥಾನಕ್ಕೆ ಹೋಗಿಬಂದ ವಾಚಕರು ಅಲ್ಲಿ ಪಾಠ ಕಲಿಯುತ್ತಿರುವ ನಾಯಿಗಳನ್ನು ಬೀದಿಯಲ್ಲಿಯೇ ನೋಡಿದ್ದರೆ ಆಶ್ಚರ್ಯವಿಲ್ಲ. ಕುರುಡರಿಗೆ ಮೊದಲಾದ ಈ ಸೇವೆಯು ಈಚೆಗೆ ಅಪಸ್ಮಾರ, ಮಧುಮೇಹ ಮೊದಲಾದ ವ್ಯಾಧಿಯುಳ್ಳವರಿಗೂ ಹಬ್ಬಿದೆ.

ನಾಯಿಯು ಸ್ವಾಮಿಭಕ್ತಿಯ ಪ್ರಾಣಿ, ಒಡೆಯನು ಬಿದ್ದರೆ ತಾನಾಗಿಯೇ ಓಡಿಹೋಗಿ ಜನರನ್ನು ಕರೆಯುತ್ತದೆ ಎಂದು ನಾವೆಲ್ಲರೂ ನಂಬಿರುವೆವು. ಕೆನಡಾ ದೇಶದ ಮ್ಯಾಕ್‌ಫರ್ಸನ್ ಮತ್ತು ರಾಬರ್ಟ್ಸ್ ಎಂಬ ಇಬ್ಬರು ವಿದ್ವಾಂಸರು ಇದನ್ನು ಪರೀಕ್ಷಿಸಿ ಇಂತಹ ಕಥೆಗಳಿಗೆಲ್ಲ ತಣ್ಣೀರೆರಚಿದರು. ೨೦೦೬ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಒಡೆಯರು ಹೃದಯಾಘಾತವಾದಂತೆ ನಟಿಸಿ ನೆಲಕ್ಕೆ ಬಿದ್ದರು; ಇನ್ನೊಂದು ಸಲ ಪುಸ್ತಕದ ಕಪಾಟು ಮೇಲೆ ಬಿದ್ದಂತೆ ನಟಿಸಿದರು. ಹತ್ತಿರದಲ್ಲಿಯೇ ಬೇರೆಯವರಿದ್ದರೂ ಸಾಕುನಾಯಿಗಳು ಅವರನ್ನು ನೆರವಿಗೆ ಕರೆಯಲಿಲ್ಲ. ಆದರೆ ಮನುಷ್ಯನ ಮುಖವನ್ನು ತಿರುಗಿ ನೋಡುವ ಸ್ವಭಾವವೊಂದು ನಾಯಿಗೆ ಇದ್ದೇ ಇದೆ. ಬುಡಾಪೆಸ್ಟಿನ ಮಿಕ್ಲೋಷಿ ಮತ್ತು ಅವರ ಸಂಗಡಿಗರು ೨೦೦೩ರಲ್ಲಿ ತೋರಿಸಿದಂತೆ, ಮಾಂಸವನ್ನು ಪಡೆಯಲಾಗದಂತೆ ಮಾಡಿಟ್ಟಾಗ, ಕೈಯಲ್ಲಿ ಸಾಕಿದ ತೋಳಗಳಿಗಿಂತ ಬೇಗನೆ ನಾಯಿಗಳು ಹಿಂದಿರುಗಿ ಮನುಷ್ಯನ ಮುಖವನ್ನು ನೋಡಿದುವು. ಶಿಕ್ಷಕರು ಈ ಸ್ವಭಾವವನ್ನೇ ತಿದ್ದಿ ತೀಡಿ, ಬಿದ್ದವನಿಗಾಗಿ ಇನ್ನೊಬ್ಬನನ್ನು ಕರೆತರುವ ಪಾಠವನ್ನಾಗಿ ಮಾಡುತ್ತಾರೆ. ಹೀಗಿರುವುದರಿಂದ, ಸಹಾಯ ಕೇಳುವ ನಾಯಿಯ ಹಿಂದೆ ಯಾರೋ ಒಬ್ಬರ ಬಹು ದಿನದ ಶ್ರಮವಿದೆ.

ಎಲ್ಲ ಸರ್ವಿಸ್ ನಾಯಿಗಳಿಗೂ ಈ ಪಾಠವನ್ನು ಹೇಳುವುದಿಲ್ಲ ಎಂಬುದನ್ನೂ ತಿಳಿಸಬೇಕು. ರಸ್ತೆಯಲ್ಲಿ ಒಂಟಿಯಾಗಿ ಓಡುವ ನಾಯಿಗೆ ಅಪಾಯವುಂಟು. ಆದುದರಿಂದ ಅನೇಕ ನಾಯಿಗಳಿಗೆ ಬಿದ್ದವರ ಪಕ್ಕದಲ್ಲಿಯೇ ಇದ್ದು ಬೊಗಳುವುದನ್ನು, ಟೆಲಿಫೋನನ್ನು ಕಚ್ಚಿ ತರುವುದನ್ನು, ಇಲ್ಲವೆ ಗೋಡೆಯ ಗುಂಡಿಯನ್ನೊತ್ತುವುದನ್ನು ಕಲಿಸುತ್ತಾರೆ. ಒಂಟಿಯಾಗಿ ಬಂದದ್ದು ಬರಿಯ ತಪ್ಪಿಸಿಕೊಂಡ ನಾಯಿಯೂ ಆಗಿರಬಹುದು. ಆದರೂ ಹಿಂಬಾಲಿಸಿ ಹೋದವರಿಗೆ ನಷ್ಟವಾಗುವುದು ಐದು ನಿಮಿಷ. ಹೋಗದಿದ್ದರೆ ಪೊದೆಯ ಮರೆಯಲ್ಲಿಯೋ ಸ್ನಾನದ ಮನೆಯಲ್ಲಿಯೋ ಬಿದ್ದಿರುವವರಿಗೆ ಪ್ರಾಣವೇ ನಷ್ಟವಾದೀತು. ಬೆನ್ನಿನ ಬಟ್ಟೆ ಇಲ್ಲದಿದ್ದ ಮಾತ್ರಕ್ಕೆ ಅಲಕ್ಷ್ಯ ಮಾಡಲಾಗದು. ಅಂಗವಿಕಲರಿಗಾಗಿ ೧೯೯೦ರಲ್ಲಿ ಆದ ಅಮೇರಿಕಾದ ಕಾಯಿದೆಯು ಅಂತಹ ಬಟ್ಟೆಯನ್ನು ಕಡ್ಡಾಯ ಮಾಡಿಲ್ಲ. ನಡತೆಯನ್ನು ನೋಡಬೇಕು: ಬಂದು ಮುಟ್ಟುವುದು, ಹತ್ತು ಹೆಜ್ಜೆ ಹೋಗುವುದು, ನಿಂತು ತಿರುಗಿ ನೋಡುವುದು, ನಾವು ಬರದಿದ್ದರೆ ಮತ್ತೆ ಬರುವುದು.

ನಮ್ಮವರಿಗೆ ಇಲ್ಲಿ ಎರಡು ತೊಡಕುಗಳುಂಟು. ಬೀದಿನಾಯಿಗಳ ನಡುವೆ ಬೆಳೆದ ನಮ್ಮ ನಾಲಗೆಗೆ, ಅಪರಿಚಿತ ನಾಯಿಯು ಹತ್ತಿರ ಬಂದೊಡನೆ ‘ಹಚಾ’ ಎಂಬ ಮಾತು ತಾನಾಗಿ ಬರುತ್ತದೆ, ಕೈ ಕಲ್ಲನ್ನು ಹುಡುಕುತ್ತದೆ. ದಯಾಳುಗಳಾದವರು ಅಯ್ಯೋ ಹಸಿದಿದೆಯೆಂದು ರೊಟ್ಟಿಯ ಚೂರನ್ನು ಹಾಕಿ ಅದರ ಕೆಲಸವನ್ನು ಕೆಡಿಸುತ್ತಾರೆ. ಎರಡೂ ಬೇಡ. ಭಯವುಳ್ಳವರು ದೂರದಲ್ಲಿಯೇ ಇದ್ದು ಹಿಂಬಾಲಿಸಬಹುದು. ನಡೆಯಲಾರದ ವೃದ್ಧರು ಹತ್ತಿರವಿದ್ದವರನ್ನು ಕೂಗಿ ಕರೆದು ‘ಸರ್ವಿಸ್ ಡಾಗ್’ ಎಂದು ಕೈತೋರಿದರೂ ಸಾಕು. ಇಂಗ್ಲಿಷ್ ಬಾರದೆಂಬ ಸಂಕೋಚವು ಇಂತಹ ಹೊತ್ತಿನಲ್ಲಿ ಸಲ್ಲದು.

ಬಿದ್ದವರು ಸಿಕ್ಕಿದರೆ ಮೊದಲು ಆಂಬ್ಯುಲೆನ್ಸನ್ನು ಕರೆಯಿಸಬೇಕು: ಅಮೇರಿಕಾದಲ್ಲಿ ೯೧೧, ಇಂಗ್ಲೆಂಡಿನಲ್ಲಿ ೯೯೯, ನಮ್ಮ ದೇಶದಲ್ಲಿ ೧೧೨. ಕೈಕಾಲು ಬಡಿಯುತ್ತಿದ್ದರೆ ಹಿಡಿದು ಅದುಮಬಾರದು. ತಲೆಯ ಕೆಳಗೆ ಮೆತ್ತನೆಯದೇನನ್ನಾದರೂ ಇಟ್ಟು, ಗಡಿಯಾರವನ್ನು ನೋಡಿಕೊಂಡು, ಸೆಳೆತ ತಗ್ಗಿದ ಮೇಲೆ ಮಗ್ಗುಲಾಗಿ ಮಲಗಿಸಬೇಕು. ಸೆಳೆತವು ಐದು ನಿಮಿಷ ಮೀರಿದರೆ ಅದು ಪ್ರಾಣಾಪಾಯದ ಚಿಹ್ನೆ. ಫೋನು ಮಾಡಿದವರಿಗೆ ಅದನ್ನು ಹೇಳಬೇಕು. ಬಾಯೊಳಗೆ ಚಮಚವನ್ನು ತುರುಕಬಾರದು, ಎಚ್ಚರ ತಿಳಿಯುವ ತನಕ ನೀರು ಕುಡಿಸಬಾರದು. ಕೈಯಲ್ಲಿ ಕಬ್ಬಿಣದ ಬೀಗದಕೈಯನ್ನಿಡುವ ನಮ್ಮ ಹಳೆಯ ಉಪಾಯದಿಂದ ಏನೂ ಆಗುವುದಿಲ್ಲ. ಸೆಳೆತವು ತಾನಾಗಿ ನಿಂತಾಗ ಕೀರ್ತಿಯು ಬೀಗದಕೈಗೆ ಹೋಗಿರುತ್ತದೆ, ಅಷ್ಟೆ. ರಕ್ತದ ಸಕ್ಕರೆ ಇಳಿದ ಮಧುಮೇಹಿಯಾದರೆ, ಎಚ್ಚರವಿದ್ದು ನುಂಗಬಲ್ಲವರಿಗೆ ಮಾತ್ರ ಸಕ್ಕರೆಯ ಪಾನಕವನ್ನು ಕೊಡಬಹುದು. ಇಂತಹ ವ್ಯಾಧಿಯುಳ್ಳ ಕೆಲವರು ಮುಂಗೈಯ ಪಟ್ಟಿಯಲ್ಲಿ ತಮ್ಮ ರೋಗದ ಹೆಸರನ್ನು ಬರೆಯಿಸಿಕೊಂಡಿರುತ್ತಾರೆ. ನಾಯಿಯ ಬೆನ್ನಿನ ಚೀಲದಲ್ಲಿ ಸೂಚನೆಯ ಚೀಟಿ ಇರುವುದೂ ಉಂಟು. ಅವನ್ನು ಓದಿಕೊಳ್ಳಬೇಕು.

ನಾಯಿಯು ಹೋಗಿ ಬಿದ್ದವರ ಮೈಗೆ ಒರಗಿ ಮಲಗಬಹುದು, ಮುಖವನ್ನು ನೆಕ್ಕಬಹುದು. ಅದೂ ಅದರ ಕಲಿತ ಕೆಲಸವಿರಬಹುದು, ಎಳೆದು ಹಾಕಬಾರದು. ಬಂದವರಿಗೆ ಅಡ್ಡಿಯಾದರೆ ಹಗ್ಗವನ್ನು ಮೆಲ್ಲನೆ ಹಿಡಿದು ಪಕ್ಕಕ್ಕೆ ಸರಿಸಬೇಕು. ಎಚ್ಚರಗೊಂಡವರು ಮೊದಲು ಕೇಳುವ ಪ್ರಶ್ನೆ ನಾಯಿ ಎಲ್ಲಿ ಎಂಬುದೇ ಆಗಿದ್ದರೆ ಸೋಜಿಗವೇನು? ಅಮೇರಿಕಾದಲ್ಲಿ ಒಡೆಯನೊಡನೆ ಆಂಬ್ಯುಲೆನ್ಸಿನಲ್ಲಿ ಹೋಗಲು ಸರ್ವಿಸ್ ನಾಯಿಗೆ ಸಾಮಾನ್ಯವಾಗಿ ಅವಕಾಶವುಂಟು. ಗಾಡಿಯಲ್ಲಿ ಇಕ್ಕಟ್ಟಾಗಿ ಚಿಕಿತ್ಸೆಗೆ ತೊಂದರೆಯಾಗುವಂತಿದ್ದರೆ, ಅದನ್ನು ಬೇರೆ ವಿಧದಲ್ಲಿ ಆಸ್ಪತ್ರೆಗೆ ತಲುಪಿಸುವ ಏರ್ಪಾಡನ್ನು ಆ ಸಿಬ್ಬಂದಿಯವರೇ ಮಾಡಬೇಕಾಗಿದೆ. ಹಾಗೆ ನಾಯಿಯು ಹಿಂದುಳಿದರೆ, ಯಾರ ವಶದಲ್ಲಿದೆಯೆಂಬುದನ್ನು ಗಾಡಿ ಹೊರಡುವ ಮುನ್ನ ಅವರಿಗೆ ತಿಳಿಸಿ, ಕೊರಳ ಬಿಲ್ಲೆಯ ಮೇಲೆ ಫೋನಿನ ಸಂಖ್ಯೆಯಿದ್ದರೆ ಅದನ್ನು ಬರೆದುಕೊಂಡು ಮನೆಯವರಿಗೆ ಸುದ್ದಿ ಮುಟ್ಟಿಸಬೇಕು.