ಸಂಪರ್ಕ ಇಲ್ಲದಿರುವುದೇ ಸಹಜ ಎಂದುಕೊಂಡರೆ

ಓಡಾಡುವ ಹತ್ತಾರು ಪುಟ್ಟ ಸಾಧನಗಳು ಕೂಡಿ ಒಂದು ಕೆಲಸ ಮಾಡಬೇಕಾದರೆ ಅವುಗಳ ವ್ಯವಸ್ಥೆ ಹೇಗಿರಬೇಕು? ಎಲ್ಲವೂ ಒಂದು ಸರ್ವರ್‌ಗೆ ವರದಿ ಒಪ್ಪಿಸಿ ಅದು ಹೇಳಿದಂತೆ ನಡೆಯಲಿ ಎಂಬುದು ತಟ್ಟನೆ ಹೊಳೆಯುವ ಉತ್ತರ. ನೆಟ್‌ವರ್ಕ್ ಸದಾ ಇರುತ್ತದೆ ಎಂಬ ನಂಬಿಕೆ ಅದರ ಬುಡದಲ್ಲಿದೆ. ಸಾಧನಗಳು ಚಲಿಸುವಂಥವಾದರೆ ಮೊದಲು ಬಿಡಬೇಕಾದದ್ದು ಆ ನಂಬಿಕೆಯನ್ನೇ.

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಕೀನ್ಯಾದಲ್ಲಿ ಜೀಬ್ರಾಗಳ ಓಡಾಟ ಅರಿಯಲು ಕಟ್ಟಿದ ಜೀಬ್ರಾನೆಟ್ ಅದನ್ನು ಬಿಟ್ಟೇ ಶುರುವಾಯಿತು. 2004ರ ಜನವರಿಯಲ್ಲಿ ಅಲ್ಲಿನ ಜೀಬ್ರಾಗಳಿಗೆ ತೊಡಿಸಿದ ಕಾಲರ್‌ಗಳಲ್ಲಿ ಜಿಪಿಎಸ್, ರೇಡಿಯೊ, ಒಂದಿಷ್ಟು ಮೆಮೊರಿ, ಸೌರಕೋಶದಿಂದ ಚಾರ್ಜ್ ಆಗುವ ಬ್ಯಾಟರಿ ಇದ್ದವು. ಮೊಬೈಲ್ ಟವರನ್ನು ಅವು ನೆಚ್ಚಿಕೊಂಡಿರಲಿಲ್ಲ. ಎರಡು ಪ್ರಾಣಿಗಳು ಹತ್ತಿರ ಬಂದಾಗ ಕಾಲರ್‌ಗಳು ಮಾಹಿತಿ ಹಂಚಿಕೊಳ್ಳುತ್ತಿದ್ದವು. ಹಾಗಾಗಿ ಸಂಶೋಧಕರ ವಾಹನಕ್ಕೆ ಒಂದೇ ಜೀಬ್ರಾ ಎದುರಾದರೂ, ಅದು ದಾರಿಯಲ್ಲಿ ಸಂಧಿಸಿದ ಉಳಿದವುಗಳ ಸುದ್ದಿಯೂ ಕೈಸೇರಬಹುದಿತ್ತು.

ಸಿಕ್ಕವರಿಗೆಲ್ಲ ಎಲ್ಲವನ್ನೂ ಕೊಡುತ್ತ ಹೋದರೆ ಬ್ಯಾಟರಿ ಬರಿದಾಗುತ್ತದೆ. ಅದಕ್ಕೆ ಅವರು ಇನ್ನೊಂದು ದಾರಿಯನ್ನೂ ಪರಿಶೀಲಿಸಿದರು: ಈಚೆಗೆ ಯಾವ ಕಾಲರ್ ಸಂಶೋಧಕರ ಬಳಿ ಹೆಚ್ಚು ಸಲ ಸುಳಿದಿದೆಯೋ ಅದಕ್ಕಷ್ಟೇ ಮಾಹಿತಿ ಒಪ್ಪಿಸುವುದು. ನನಗೆ ಇದಕ್ಕಿಂತಲೂ ಮುಖ್ಯವಾಗಿ ಕಾಣುವುದು ಅಳಿಸುವ ಪ್ರಶ್ನೆ. ಒಂದು ದಾಖಲೆ ಸಂಶೋಧಕರಿಗೆ ತಲುಪಿದ ಮೇಲೂ ಅದರ ಪ್ರತಿಗಳು ಎಷ್ಟೋ ಕೊರಳುಗಳಲ್ಲಿ ಉಳಿದಿರುತ್ತವೆ. 'ಇದು ತಲುಪಿತು, ಅಳಿಸಿಬಿಡಿ' ಎಂಬ ಸುದ್ದಿಯೂ ಕಾಲರಿನಿಂದ ಕಾಲರಿಗೇ ದಾಟಬೇಕು. ಕಳಿಸುವುದನ್ನು ಎಲ್ಲರೂ ಯೋಚಿಸುತ್ತಾರೆ. ಅಳಿಸುವುದನ್ನೂ ಅಷ್ಟೇ ಜತನದಿಂದ ಯೋಚಿಸಿದ್ದರಲ್ಲಿ ಈ ವಿನ್ಯಾಸದ ಪ್ರಬುದ್ಧತೆ ಇದೆ.

ಕೇಂದ್ರವಿಲ್ಲದ ವ್ಯವಸ್ಥೆಗೆ ತೆರಬೇಕಾದ ಬೆಲೆಯೂ ಇದೆ. 2014ರಲ್ಲಿ ಹಾರ್ವರ್ಡ್‌ನಲ್ಲಿ ಕಿಲೋಬಾಟ್ ಎಂಬ 1024 ಪುಟ್ಟ ರೋಬಾಟ್‌ಗಳು ಅಕ್ಕಪಕ್ಕದವುಗಳೊಡನೆ ಮಾತ್ರ ಇನ್‌ಫ್ರಾರೆಡ್ ಸಂಕೇತ ವಿನಿಮಯ ಮಾಡಿಕೊಳ್ಳುತ್ತ ಒಂದು ಆಕಾರಕ್ಕೆ ಬಂದು ನಿಲ್ಲಲು ಸುಮಾರು 12 ಗಂಟೆ ಹಿಡಿಯಿತು. ಜೀಬ್ರಾಗಳ ಸುದ್ದಿ ನಾಲ್ಕು ದಿನ ತಡವಾದರೆ ನಷ್ಟವೇನಿಲ್ಲ. ಆದರೆ ತಿರುವಿನಲ್ಲಿ ಎದುರಾಗುವ ಎರಡು ವಾಹನಗಳಿಗೆ ಅಷ್ಟು ಪುರುಸೊತ್ತು ಎಲ್ಲಿ?

ಆ ಕಾರಣಕ್ಕೇ ಎಲ್ಲವನ್ನೂ ಕೇಂದ್ರಕ್ಕೆ ಒಪ್ಪಿಸಬೇಕು ಎನ್ನುವವರ ಮಾತನ್ನು ಮಾತ್ರ ನಾನು ಒಪ್ಪಲಾರೆ. ಬ್ರೇಕ್ ಒತ್ತುವ ನಿರ್ಧಾರ ವಾಹನದೊಳಗೇ ಆಗಬೇಕು; ಪಕ್ಕದ ವಾಹನದ ಎಚ್ಚರಿಕೆ ಬಂದರೆ ಅದು ನೆರವು, ಬರದಿದ್ದರೂ ಬ್ರೇಕ್ ಬೀಳಲೇಬೇಕು. ಊರಿನ ದಟ್ಟಣೆ ನೋಡಿ ಮಾರ್ಗ ಸೂಚಿಸುವ ಕೆಲಸ ಕೇಂದ್ರದ್ದಾಗಿರಲಿ, ಆ ಸೂಚನೆ ತುಸು ತಡವಾಗಿ ಬಂದರೂ ಯಾರ ಜೀವಕ್ಕೂ ಕುತ್ತಿಲ್ಲ.